ಹತ್ತೊಂಬತ್ತನೆಯ ಪುಟದ ಬಗ್ಗೆ, ಜಯಶೀಲಾ ಟೀಚರ್‌ಗೆ

ಫೆಬ್ರವರಿ ೩೦, ೨೧೫೧

ಅದರ ಮುಂದೆ ಇನ್ನೇನೋ ಒಂದು ಮಾತು ಹೇಳುತ್ತಿದ್ದಳಂತೆ. ‘ಎಲ್ಲಾರ್ದೂ ಬಂತು, ನಂದೊಂದು ಬರ್ಲಿಲ್ಲ’ ಎನ್ನುವವರೆಗೆ ಮಾತ್ರ ನಮ್ಮ ಮನೆಯಲ್ಲಿ ಉಳಿದಿದೆ. ಹೇಳಿದವಳು ಹುಲಿಗೆಮ್ಮ, ನಿಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿನಿ, ನನಗೆ ಐದು ತಲೆಮಾರು ಹಿಂದಿನ ಅಜ್ಜಿ.

ಮೇಲಿನ ತಾರೀಖು ನಿಮಗೆ ತಪ್ಪೆನಿಸಬಹುದು. ಬೇಸಿಗೆಯ ತಿಂಗಳುಗಳಿಂದ ಎರಡು ದಿನ ತೆಗೆದು ಫೆಬ್ರವರಿಗೆ ಕೊಟ್ಟು ಬಹಳ ವರ್ಷಗಳಾದವು, ಸೆಕೆಯೇನೂ ಕಡಿಮೆಯಾಗಲಿಲ್ಲ. ನನ್ನ ಕೆಲವು ಪದಗಳೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಈ ಪತ್ರವನ್ನು ಹೆಜ್ಜೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ಕಾಲದವರು ಆನ್‌ಲೈನಿನಲ್ಲಿ ಬರೆದದ್ದು, ಅಳಿಸಿದ್ದು, ಅಳಿಸಿದ ಗಳಿಗೆ ಎಲ್ಲವನ್ನೂ ಕಾದಿಟ್ಟ ಕಟ್ಟಡವಿದು. ನೆಲದಡಿಯಲ್ಲಿ ತಂಪಾಗಿದೆ. ನಮ್ಮ ಶಾಲೆಗಳು ನಸುಕಿಗೆ ಶುರುವಾಗಿ ಒಂಬತ್ತಕ್ಕೆ ಬಿಡುವುದರಿಂದ, ಬಿಸಿಲಿಳಿಯುವವರೆಗೆ ಮಕ್ಕಳೂ ಇಲ್ಲೇ ಮಲಗುತ್ತಾರೆ. ನನ್ನ ಮಗಳು ಈಗ ಪಕ್ಕದಲ್ಲೇ ನಿದ್ದೆ ಮಾಡುತ್ತಿದ್ದಾಳೆ. ಹಳೆಯ ಕಡತದಲ್ಲಿ ತಮ್ಮವರಿಗೆ ನೋವಾಗಿದ್ದರೆ, ನೋವು ಮಾಡಿದವರ ಹೆಸರನ್ನು ತೆಗೆಸುವ ಹಕ್ಕು ವಾರಸುದಾರರಿಗೆ ಇದೆ. ನಾನು ಬಂದದ್ದು ನಿಮ್ಮ ಹೆಸರು ತೆಗೆಸಲು. ನಾಳೆಯೊಳಗೆ ತಿಳಿಸಬೇಕು.

ಕಡತದ ಹೆಸರು ‘ನಮ್ಮ ಮನೆಯವರ ಕೆಲಸ’. ಮೂವತ್ತೊಂದು ಮಕ್ಕಳಿಗೆ ತಲಾ ಒಂದು ಸ್ಲೈಡ್. ಮಕ್ಕಳಿಗೆ ಸ್ವಂತ ಖಾತೆ ಇರಲಿಲ್ಲವೆಂದು ನೀವು ನಿಮ್ಮ ಪಾಸ್‌ವರ್ಡನ್ನೇ ಕರಿಹಲಗೆಯ ಮೇಲೆ ಬರೆದುಕೊಟ್ಟಿರಿ. ಆದ್ದರಿಂದ ಇಲ್ಲಿ ಎಲ್ಲರೂ ಜಯಶೀಲಾ. ‘ಟೀಚರ್, ಮಂಜ್ಯಾ ನನ್ ಕುರಿ ಫೋಟೋ ಕದ್ದಾನ್ರೀ’ ಎಂದು ಜಯಶೀಲಾ ದೂರುತ್ತಾರೆ. ‘ಕುರಿ ನಿಮ್ಮಪ್ಪಂದೇನಲೇ? ಇಂಟರ್‌ನೆಟ್‌ದು’ ಎಂದು ಜಯಶೀಲಾರೇ ಉತ್ತರಿಸುತ್ತಾರೆ. ಓದುತ್ತ ನಾನು ನಕ್ಕೆ. ನಗಲು ಬಂದವನಲ್ಲ.

ಹತ್ತೊಂಬತ್ತನೆಯ ಪುಟದಲ್ಲಿ ಒಬ್ಬ ಹೆಂಗಸು ಬ್ರಷ್ಷು, ಬಕೆಟ್ಟು ಹಿಡಿದು ನೇರವಾಗಿ ನಿಂತಿದ್ದಾಳೆ. ಕೆಳಗೆ ಹುಲಿಗೆಮ್ಮನ ಬರಹ: ‘ನಮ್ಮವ್ವ ನಮ್ಮ ಸಾಲ್ಯಾಗ ಸಂಡಾಸ್ ತೊಳೀತಾಳ. ದಿನಾ ನನಗಿಂತ ಮೊದ್ಲ ಸಾಲಿಗೆ ಬರ್ತಾಳ.’

ಅಧಿಕಾರಿಗಳ ಮುಂದೆ ಪ್ರದರ್ಶನವಿದ್ದ ದಿನ, ಹತ್ತೂವರೆಗೆ, ಕಂಪ್ಯೂಟರ್ ಕೋಣೆಯಿಂದ ಯಾರೋ ಆ ಪುಟದ ಅಂಚಿಗೆ ಬರೆದರು: ‘ಮೂಗು ಮುಚ್ಕೊಳ್ರಲೇ, ಹತ್ತೊಂಬತ್ತು ಬಂತು!’ ಎರಡು ನಿಮಿಷದಲ್ಲಿ ಆ ಸಾಲು ಅಳಿಸಿಹೋಯಿತು. ಮರುಗಳಿಗೆಯಲ್ಲೇ ಪುಟವೂ ಮರೆಯಾಯಿತು. ಎರಡೂ ಆದದ್ದು ನಿಮ್ಮ ಲ್ಯಾಪ್‌ಟಾಪಿನಿಂದ. ಹತ್ತೂ ನಲವತ್ತಕ್ಕೆ ಪ್ರದರ್ಶನ ಆರಂಭವಾದಾಗ ಹದಿನೆಂಟರ ನಂತರ ಗೋಡೆಯ ಮೇಲೆ ಇಪ್ಪತ್ತು ಬಂತು.

ಆ ಕುಹಕವನ್ನು ಹುಲಿಗೆಮ್ಮ ನೋಡಿರಲಿಲ್ಲ. ಮಧ್ಯಾಹ್ನ ಅವಳು ನಿಮ್ಮದೇ ಹೆಸರಿನಲ್ಲಿ ಬರೆದಳು: ‘ಟೀಚರ್, ನಮ್ಮವ್ವ ಕಿಟಕ್ಯಾಗ ನಿಂತು ನೋಡ್ತಿದ್ಳು. ನನ್ ಪುಟ ಯಾಕ ಬರ್ಲಿಲ್ರೀ?’ ಮಾರನೆಯ ದಿನದಿಂದ ಅವಳು ಆ ಶಾಲೆಗೆ ಹೋಗಲಿಲ್ಲ. ಗಂಗಾವತಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದಿದಳು, ಮುಂದೆ ತಾನೇ ಟೀಚರ್ ಆದಳು. ನೀವು ಅವಳ ತಾಯಿಯ ಕೆಲಸಕ್ಕೆ ನಾಚಿಕೊಂಡಿರಿ ಎಂದೇ ನಮ್ಮ ಮನೆಯಲ್ಲಿ ಎಲ್ಲರೂ ನಂಬಿಕೊಂಡು ಬಂದಿದ್ದೇವೆ.

ಈಗ ನನಗೆ ಅಷ್ಟು ಸುಲಭವಾಗಿ ನಂಬಲಾಗುತ್ತಿಲ್ಲ. ಕಿಟಕಿಯಲ್ಲಿ ನಿಂತ ತಾಯಿಗೆ ಮಕ್ಕಳ ನಗು ಕೇಳಿಸೀತೆಂದು ಹೆದರಿದಿರೇನೋ. ಅಧಿಕಾರಿಗಳಿಗೇ ಹೆದರಿದಿರೇನೋ. ಯೋಚಿಸಲು ನಿಮಗಿದ್ದದ್ದು ಹತ್ತೇ ನಿಮಿಷ; ನನಗೆ ಇಡೀ ವಾರ ಸಿಕ್ಕಿದೆ, ಆದರೂ ಅಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳಲಾರೆ. ಒಂದನ್ನು ಮಾತ್ರ ಹೇಳಬಲ್ಲೆ: ಅವಳನ್ನು ಕರೆದು ತಿಳಿಸಬೇಕಿತ್ತು.

ಕಡತ ಮುಚ್ಚುವ ಮುನ್ನ ಇನ್ನೊಂದು ಗುರುತು ಕಂಡಿತು. ಮಾರನೆಯ ದಿನ ಹನ್ನೊಂದಕ್ಕೆ ನೀವು ಆ ಪುಟದ ಮರೆ ತೆಗೆದಿದ್ದೀರಿ. ಅದೊಂದೇ ಪುಟ, ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ, ಇಡೀ ಒಂದು ಪಿರಿಯಡ್ ತರಗತಿಯ ಗೋಡೆಯ ಮೇಲಿತ್ತು. ಹುಲಿಗೆಮ್ಮ ಅಲ್ಲಿರಲಿಲ್ಲ. ಅವಳಿಗದು ಕೊನೆಯವರೆಗೂ ಗೊತ್ತಾಗಲಿಲ್ಲ. ನಿಮ್ಮ ಹೆಸರು ಇರಲಿ ಎಂದು ಬರೆದುಕೊಟ್ಟಿದ್ದೇನೆ. ಮಾತುಗಳನ್ನು ಹೆಜ್ಜೆಮನೆ ಕಾದಿಡುವುದಿಲ್ಲ, ಅದಕ್ಕೇ ಕೇಳುತ್ತೇನೆ: ಆ ನಲವತ್ತು ನಿಮಿಷ ನೀವು ಉಳಿದ ಮೂವತ್ತು ಮಕ್ಕಳಿಗೆ ಏನು ಹೇಳಿದಿರಿ, ಟೀಚರ್?