ಸವುಳು ಮಣ್ಣು, ದಪ್ಪ ಎಲೆ

ಮಾರ್ಚ್ 4, ಮಂಗಳವಾರ. ವಿದ್ಯಾನಗರ

ಹರಿಹರದಿಂದ ಈಗ ಬಂದೆ. ಬಸ್ಸಿನಲ್ಲಿ ನಿಂತೇ. ಒದ್ದೆ ಟವೆಲ್ ಸುತ್ತಿದ ಎಲೆ ಚೀಲ ನೋಡಿ ಕಂಡಕ್ಟರ್, "ಸೊಪ್ಪು ಮಾರಾಕ ಹೊಂಟೀರೇನ್ರಿ?" ಹೌದು ಅಂದುಬಿಟ್ಟೆ. ಪಿಎಚ್.ಡಿ. ಅಂತ ವಿವರಿಸುವಷ್ಟು ಜೀವ ಇರಲಿಲ್ಲ.

ಹೊಳೆದಂಡೆಯ ಕೆಲಸ ಮುಗಿಯಿತು. ಇಡೀ ಥೀಸಿಸ್ ಒಂದೇ ಮಾತು: ಮಣ್ಣು ಸವುಳಾದಷ್ಟೂ, ಅಂದರೆ ಉಪ್ಪು ಹೆಚ್ಚಿದಷ್ಟೂ, ಅಲ್ಲಿನ ಗಿಡಗಳ ಎಲೆ ದಪ್ಪ. ಲೆಕ್ಕವೂ ಹೂಂ ಅನ್ನುತ್ತಿದೆ. ಗೈಡ್ ಜಂಬಯ್ಯ ಸರ್‌ಗೆ ಖುಷಿಯೋ ಖುಷಿ. ಬಯಲುಸೀಮೆ ಕೆರೆಗಳ ಬಗ್ಗೆ ಇದೇ ಮಾತು ಹೇಳಿ ಹೆಸರು ಮಾಡಿದವರು. ಈ ತಿಂಗಳು ರಿಟೈರ್ ಆಗುತ್ತಾರೆ. "ನನ್ನ ಕೊನೇ ಸ್ಟೂಡೆಂಟ್ ನೀನು ರೇವತಿ. ಚಂದಾಗಿ ಮುಗಿಸಮ್ಮ" ಅಂದಿದ್ದಾರೆ.

ಮಾರ್ಚ್ 11

ಲ್ಯಾಬಿನಲ್ಲಿ ಸೆಮಿನಾರ್ ರಿಹರ್ಸಲ್. ಎಲೆದಪ್ಪಕ್ಕೂ ಸವುಳಿಗೂ ಇರುವ ನಂಟು ನಿಜವೋ ಬರೀ ಅದೃಷ್ಟವೋ ಅಂತ ನೋಡಲು, ಒಂದರ ಸವುಳು ಇನ್ನೊಂದಕ್ಕೆ ಹೋಗುವಂತೆ ಕಂಪ್ಯೂಟರ್‌ನಲ್ಲಿ ಜಾಗಗಳನ್ನು ಇಸ್ಪೀಟಿನಂತೆ ಕಲಸುತ್ತೇವೆ. ಕಲಸಿದಾಗ ನಂಟು ಹೋದರೆ ಅದು ನಿಜ. ಹೋಯಿತು. ಅದನ್ನೇ ತೋರಿಸಿದೆ.

ಹೊಸದಾಗಿ ಸೇರಿದ ಹುಮಾ ಕೈ ಎತ್ತಿದಳು. "ಅಕ್ಕಾ, ಜಾಗ ಅಷ್ಟೇ ಷಫಲ್ ಮಾಡೀರಿ. ಗಿಡಗಳನ್ನ ಯಾಕ ಮಾಡಿಲ್ಲ?"

ಮೈ ಉರಿಯಿತು. "ಮೊದ್ಲು ಪಾರ್ಥೇನಿಯಂ ಯಾವ್ದು, ಸೇವಂತಿಗೆ ಯಾವ್ದು ಅಂತ ಗುರ್ತು ಹಿಡಿಯೋದು ಕಲಿ" ಅಂದೆ. ಎಲ್ಲರೂ ನಕ್ಕರು. ಅವಳು ಮುಖ ಸಣ್ಣ ಮಾಡಿಕೊಂಡು ಕೂತಳು. ಥೂ, ನನ್ನ ಬಾಯಿ!

ಮಾರ್ಚ್ 12

ಹುಮಾ ಹೇಳಿದ್ದನ್ನು ಮಾಡಿ ನೋಡಿದೆ. ಒಂದು ಗಿಡದ ಎಲೆದಪ್ಪ ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ — ಚೀಟಿ ಎತ್ತಿದ ಹಾಗೆ ಹಂಚಿದೆ. ಸುಳ್ಳು ದಪ್ಪ ಕೊಟ್ಟರೂ ಸವುಳಿನ ಜೊತೆ ಅಷ್ಟೇ ಗಟ್ಟಿ ನಂಟು! ಮತ್ತೆ ಮತ್ತೆ.

ಎಲ್ಲಾ ಗೋಣಿಸೊಪ್ಪಿನ ಕಿತಾಪತಿ. ಸವುಳು ಜಾಗದಲ್ಲೆಲ್ಲ ಅದೇ ಹಬ್ಬಿದೆ. ಆ ಜಾಗಗಳ ಎಲೆದಪ್ಪದ ಸರಾಸರಿಯನ್ನು ಅದೊಂದೇ ಎಳೆಯುತ್ತಿದೆ. ಅದಕ್ಕೆ ಯಾವ ಅಳತೆ ಅಂಟಿಸಿದರೂ ಸವುಳಿಗೆ ಹೊಂದುತ್ತದೆ. ಎರಡೂ ಥರ ಕಲಸಿ ನೋಡಿದರೆ ನನ್ನ ಮಾತಿಗೆ ಆಧಾರವೇ ಇಲ್ಲ.

ಅಷ್ಟು ಬಿಸಿಲು ತಿಂದದ್ದು… ಬಾತ್‌ರೂಮಿಗೆ ಹೋಗಿ ಅತ್ತೆ.

ಮಾರ್ಚ್ 14

ಸರ್‌ಗೆ ಹೇಳಿದೆ. ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

"ಬ್ಯಾಡ. ಹಳೇ ಟೆಸ್ಟೇ ಇರ್ಲಿ. ಯಾರು ಕೇಳ್ತಾರೆ?"

"ಹುಮಾ ಕೇಳಿದ್ಲಲ್ಲ ಸರ್."

ಎದ್ದು ಹೋದರು. ಬಾಗಿಲು ಕೂಡ ಹಾಕಲಿಲ್ಲ.

ಕಾರಿಡಾರಿನಲ್ಲಿ ಬರುವಾಗ ಹೊಳೆಯಿತು. ಅವರ ಕೆರೆಗಳ ಪೇಪರಿನಲ್ಲೂ ಜಾಗ ಮಾತ್ರ ಕಲಸುವ ಇದೇ ಟೆಸ್ಟ್. ನನಗೆ ಕಲಿಸಿದ್ದೇ ಅವರು. ನನ್ನ ಮಾತು ಬಿದ್ದರೆ ಅವರದೂ ಬೀಳಬಹುದು. ಅದೂ ರಿಟೈರ್ ಆಗಿ ಮನೆಗೆ ಹೋಗುವ ತಿಂಗಳಲ್ಲಿ. ಇಷ್ಟು ದಿನ ನನ್ನೊಬ್ಬಳದೇ ಚಿಂತೆ ಮಾಡಿದೆನಲ್ಲ.

ಮಾರ್ಚ್ 24

ಸರ್ ಕರೆದಿಲ್ಲ. ಲ್ಯಾಬಿನ ಕಡೆ ಸುಳಿದಿಲ್ಲ.

ಹುಮಾಗೆ ಮಂಡಕ್ಕಿ-ಮೆಣಸಿನಕಾಯಿ ಕೊಡಿಸಿ ಸಾರಿ ಕೇಳಿದೆ. "ಬಿಡ್ರಿ ಅಕ್ಕಾ, ನಂಗೆ ಪಾರ್ಥೇನಿಯಂ ನಿಜವಾಗ್ಲೂ ಗೊತ್ತಾಗಲ್ಲ" ಅಂದಳು. ಇಬ್ಬರೂ ನಕ್ಕೆವು.

ಅಧ್ಯಾಯ ತಿದ್ದಿದೆ. 'ಎಲೆದಪ್ಪಕ್ಕೂ ಸವುಳಿಗೂ ಸಂಬಂಧ ಇದೆಯೆಂದು ಹೇಳಲಾಗದು.' ಸರ್ ಟೇಬಲ್ ಮೇಲಿಟ್ಟು ಬಂದೆ. ಅವರ ಸಹಿ ಇಲ್ಲದೆ ಸಬ್ಮಿಟ್ ಇಲ್ಲ.

ಮಾರ್ಚ್ 27, ಗುರುವಾರ. ಬೆಳಿಗ್ಗೆ 11

ಸರ್ ಬಂದರು! ಅಧ್ಯಾಯಕ್ಕೆ ಸಹಿ ಹಾಕಿದ್ದಾರೆ. ಒಂದು ಅಕ್ಷರ ತಿದ್ದಿಲ್ಲ.

ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಹಳೇ ಕೆರೆಗಳ ಡೇಟಾ. ಇಷ್ಟು ದಿನ ಮನೆಯಲ್ಲಿ ಕೂತು ತಾವೇ ಟೈಪ್ ಮಾಡಿದ್ದಂತೆ.

"ಇದನ್ನೂ ಷಫಲ್ ಮಾಡಿ ನೋಡು."

"ಬ್ಯಾಡ ಸರ್."

"ಯಾಕ? ನಿಂದು ಮಾಡ್ಬೋದು, ನಂದು ಮಾಡ್ಬಾರ್ದಾ?"

11.40

ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಕೈಯಲ್ಲಿ ಇವತ್ತಿನ ನ್ಯೂಸ್ ಪೇಪರ್. ಆಗಿನಿಂದ ಒಂದೇ ಪುಟ.

ಫಲಿತಾಂಶ ಬಂತು. ನೋಡಿದೆ. ಇನ್ನೊಮ್ಮೆ ನೋಡಿದೆ. ಇಲ್ಲೂ ಸುಳ್ಳು ದಪ್ಪಕ್ಕೆ ಅಷ್ಟೇ ಗಟ್ಟಿ ನಂಟು. ಸ್ಕ್ರೀನ್ ನನ್ನ ಕಡೆ ತಿರುಗಿಸಿಕೊಂಡೆ.

"ಬಂತೇನಮ್ಮ?"

"ಇಲ್ಲ ಸರ್… ಇನ್ನೂ ಓಡ್ತಾ ಐತೆ."

ನನ್ನ ಮುಖ ನೋಡಿದರು. ಪೇಪರ್ ಮಡಚಿಟ್ಟರು. "ಓಡ್ಲಿ ಬಿಡು. ಟೀ ತರ್ತೀನಿ."

ಇಷ್ಟು ವರ್ಷದಲ್ಲಿ ಸರ್ ತಾವಾಗಿ ಟೀ ತಂದಿದ್ದಿಲ್ಲ. ಏನಾದರೂ ಮಾಡುತ್ತಿರುವಂತೆ ಕಾಣಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಿಂದ ಕಾಣುತ್ತಿದ್ದಾರೆ — ಎರಡೂ ಕೈಯಲ್ಲಿ ಲೋಟ, ಚೆಲ್ಲದ ಹಾಗೆ ನಿಧಾನಕ್ಕೆ. ಬಾಗಿಲಿಗೆ ಬಂದರು. ಸ್ಕ್ರೀನ್ ಅವರ ಕಡೆ ತಿರುಗಿಸುತ್ತಿದ್ದೇನೆ.