ಸದ್ದು ಮಾಡದ ಗಾಡಿ

ಅಯೋವಾ
ಜೂನ್ 12, ಶುಕ್ರವಾರ ಸಂಜೆ

ನನ್ನ ಚಿನ್ನದಂಥ ಅಮ್ಮಾ,

ಮದುವೆಯಾದರೆ ಇಷ್ಟೊಂದು ನಗಬಹುದು ಅಂತ ಮೊದಲೇ ಯಾಕೆ ಹೇಳಲಿಲ್ಲ? ನನ್ನ ಕೋಲ್ಬಿಯಷ್ಟು ಮುದ್ದಾದ, ಅವನಷ್ಟು ಹಟಮಾರಿಯಾದ ಗಂಡ ಭೂಮಿಯ ಮೇಲೇ ಇಲ್ಲ! ಮಾವ ವರ್ಲಿನ್ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ ಇದೆಯಲ್ಲ, ಅದರ ಪೆಟ್ರೋಲ್ ಎಂಜಿನ್ ಕಿತ್ತು ಬ್ಯಾಟರಿ, ಮೋಟರ್ ಕೂರಿಸಿದ್ದಾನೆ. ಹೊಗೆಯಿಲ್ಲ, ಗಲಾಟೆಯಿಲ್ಲ! ಮಾವ ಅದರ ಸುತ್ತ ಒಂದು ಸುತ್ತು ಬಂದು, "ಇದೇನೋ ಇದು, ಹುಲ್ಲು ಕತ್ತರಿಸೋದಾ, ಹಲ್ಲುಜ್ಜೋದಾ?" ಅಂದರು. ಕೋಲ್ಬಿಯ ಕಿವಿ ಕೆಂಪಗಾಯಿತು. "ನಾಳೆ ಚರ್ಚಿನ ಅಂಗಳ ನೀನೇ ಕತ್ತರಿಸಿ ನೋಡಪ್ಪ" ಅಂದುಬಿಟ್ಟ.

ಅಮ್ಮಾ, ಒಂದು ವಿಷಯ. ಗಾಬರಿಯಾಗಬೇಡ. ಕೂತವರು ಎದ್ದರೆ ಅಲಗು ತಾನಾಗಿ ನಿಲ್ಲಲೆಂದು ಸೀಟಿನ ಕೆಳಗೊಂದು ಸ್ವಿಚ್ ಇರುತ್ತದೆ. ನೆಲದ ಗುಂಡಿಯಲ್ಲಿ ಗಾಡಿ ಕುಲುಕಿ ಕೂತವರು ಚೂರು ಮೇಲೆದ್ದಾಗಲೆಲ್ಲ ಅದು ಗಾಡಿಯನ್ನೇ ನಿಲ್ಲಿಸುತ್ತಿತ್ತು. ಕೋಲ್ಬಿ ಬೇಸತ್ತು ಅದರ ಎರಡು ತಂತಿಗಳನ್ನೂ ಸೇರಿಸಿ ಹೆಣೆದುಬಿಟ್ಟ. ಈಗ ಯಾರು ಇಳಿದರೂ ಗಾಡಿಗೆ ತಿಳಿಯುವುದಿಲ್ಲ.

ಇವತ್ತು ಒದ್ದೆ ಹುಲ್ಲು ಸಿಕ್ಕಿಕೊಂಡು ಅಲಗು ನಿಂತಿತು. ಚೂರೂ ಸದ್ದಿಲ್ಲ. ಕೋಲ್ಬಿ ಇಳಿದು ಒಂದು ಕೋಲಿನಿಂದ ಕೆದಕಿದ. ಹುಲ್ಲು ಸಡಿಲವಾದದ್ದೇ ತಡ, ಅಲಗು ಗಿರ್ರನೆ ತಿರುಗಿ ಕೋಲು ಪುಡಿಪುಡಿ! ಪೆಟ್ರೋಲ್ ಎಂಜಿನ್ ನಿಂತರೆ ಸತ್ತಂತೆಯೇ. ಈ ಮೋಟರ್ ನಿಂತರೂ ಉಸಿರು ಬಿಗಿಹಿಡಿದು ಕಾಯುತ್ತಿರುತ್ತದೆ. ನಾನು ಅತ್ತೇಬಿಟ್ಟೆ. ಅವನು ನಕ್ಕು, "ಹೋಗಿದ್ದು ಕೋಲು ತಾನೇ, ಚಿನ್ನಾ?" ಅಂದ.

ಆದರೆ ಮಾವ ಕೋಲು ಹುಡುಕುವವರಲ್ಲ. ಸದ್ದು ನಿಂತಿತೋ, ಇಳಿದು ಬರಿಗೈ ಹಾಕಿ ಹುಲ್ಲು ಎಳೆಯುತ್ತಾರೆ, ನಾನೇ ನೋಡಿದ್ದೇನೆ. ನಾಳೆ ಬೆಳಗ್ಗೆ ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿರುತ್ತದೆ. ತಂತಿ ಬಿಡಿಸು ಅಂತ ಕೋಲ್ಬಿಯನ್ನು ಬೇಡಿಕೊಂಡೆ. "ಚರ್ಚಿನವರ ಮುಂದೆ ಗಾಡಿ ಹೆಜ್ಜೆಗೊಂದ್ಸಲ ನಿಂತ್ರೆ ಅಪ್ಪ ಜನ್ಮಪೂರ್ತಿ ಹಂಗಿಸ್ತಾನೆ ಕಣೇ. ಸೋಮವಾರ ಸರಿಮಾಡ್ತೀನಿ. ಅವನ ಹತ್ರ ಬಾಯಿ ಬಿಟ್ಟೀಯ, ಜೋಕೆ!" ಅಂದು ಮಾತು ತೆಗೆದುಕೊಂಡ. ಕೊಟ್ಟೆ. ಆ ಕಣ್ಣುಗಳಿಗೆ ಇಲ್ಲ ಅನ್ನಲು ನನಗಿನ್ನೂ ಬಂದಿಲ್ಲ.

ಊಟಕ್ಕೆ ಕೂತಾಗ ಮಾವ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಏನಮ್ಮಾ ಮಾರ್ನಿ, ಬಾಯಿಗೆ ಬೀಗ ಜಡಿದುಕೊಂಡಿದ್ದೀಯಾ?" ಅಂದರು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಆದರೂ ಮಾತಿಗೆ ತಪ್ಪಲಿಲ್ಲ ಅಮ್ಮಾ, ಒಂದಕ್ಷರ ಆಡಲಿಲ್ಲ.

ಈಗ ಓಡಿಹೋಗಿ ಇದನ್ನು ಅಂಚೆಗೆ ಹಾಕಬೇಕು.

ನಿನ್ನ ಹೊಚ್ಚಹೊಸ ಮದುಮಗಳು,
ಮಾರ್ನಿ

ತಾ.ಕ.: ಲಕೋಟೆಯಲ್ಲಿ ಭಾರವಾಗಿ ಸಿಗುವ ತುಂಡು ಗಾಡಿಯ ದೊಡ್ಡ ಫ್ಯೂಸ್. ಅದಿಲ್ಲದೆ ಗಾಡಿ ಇಂಚೂ ಅಲುಗದು. ಕೋಲ್ಬಿ ಫೋನಿನಲ್ಲಿ ಎಷ್ಟೇ ಗೋಗರೆದರೂ ಕಳಿಸಬೇಡ. ತಂತಿ ಬಿಡಿಸಿದ್ದಾಯಿತು ಅಂತ ಮಾವನ ಬಾಯಿಂದಲೇ ಕೇಳಿದ ಮೇಲೆ ಕಳಿಸು.