ಮೊಲದ ನೋವು ನನಗೆ ಗೊತ್ತಿತ್ತು

ಹೊಸಪೇಟೆ
18-2-2025, ಮಂಗಳವಾರ

ಪ್ರೀತಿಯ ಮಗಳು ಅನ್ನಪೂರ್ಣಾ,

ಕಂಪ್ಲಿಯಲ್ಲಿ ಸೋದರತ್ತೆಯ ಮನೆಯಲ್ಲಿ ಆರಾಮಾಗಿದ್ದೀಯಾ? ಶಾಲೆಯ ಕೆಲಸ ಹೊಂದಿಕೊಂಡಿತೇ? ಚಾಕ್‌ಪೀಸಿನ ಧೂಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿದೆ ಎಂದು ಅತ್ತೆ ಹೇಳಿದಳು, ಬಿಸಿನೀರು ಕುಡಿ. ನಿನ್ನ ಅವ್ವನ ಮಂಡಿನೋವು ಹಾಗೆಯೇ ಇದೆ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಬಸ್ಸಿನಲ್ಲಿ ಒಂದು ಗಂಟೆಯ ದಾರಿಗೆ ಅಂಚೆಯೇ ಎಂದು ನಗಬೇಡ. ಹರಿಯುವುದಾದರೆ ಪೂರ್ತಿ ಓದಿ ಹರಿ.

ಕಳೆದ ಶುಕ್ರವಾರ ನಮ್ಮ ಯೂನಿವರ್ಸಿಟಿಯಲ್ಲಿ ಪ್ರಯೋಗದ ಪ್ರಾಣಿಗಳನ್ನು ಹೇಗೆ ನೋಡಿಕೊಳ್ಳಬೇಕೆಂಬ ತರಬೇತಿ ಇತ್ತು. ಸಂಶೋಧಕರು, ಲ್ಯಾಬಿನವರು, ಪಂಜರ ತೊಳೆಯುವ ನನ್ನಂಥವರು, ಎಲ್ಲರೂ ಕೂರಲೇಬೇಕೆಂದು ಆದೇಶ. ಹದಿನೇಳು ವರ್ಷ ಅನಿಮಲ್ ಹೌಸಿನ ಮೊಲಗಳಿಗೆ ಮೇವು ಹಾಕಿದವನಿಗೆ ಇದೇ ಮೊದಲ ತರಬೇತಿ. ನಾನು ಕೊನೆಯ ಸಾಲು ಹಿಡಿದೆ. ನಿನ್ನ ಗೈಡ್ ವಿಜಯಕುಮಾರ್ ಸರ್ ಮುಂದೆ ಕೂತಿದ್ದರು. ಹೇಳಿಕೊಡಲು ಬಂದವರು ಮಾಲತೇಶ್ ಎಂಬ ಪಶುವೈದ್ಯರು. ಪರದೆಯ ಮೇಲೆ ಒಂದೊಂದೇ ಮೊಲದ ಮುಖ ತೋರಿಸುತ್ತ, "ಇದಕ್ಕ ನೋವೈತೋ ಇಲ್ಲೋ, ಹೇಳ್ರಿ ನೋಡೋಣ" ಎಂದರು. ಓದಿದವರೆಲ್ಲ ತಪ್ಪಿದರು. ಮೊಲ ನೋವಾದರೂ ಸಾಮಾನ್ಯವಾಗಿ ಕೂಗುವುದಿಲ್ಲ ಮಗಳೇ. ಕಣ್ಣು ಅರ್ಧ ಮುಚ್ಚಿ, ಕೆನ್ನೆ ಒಳಗೆ ಹೋಗಿ, ಕಿವಿ ಬೆನ್ನಿಗೆ ಅಂಟಿದರೆ ನಾವೇ ತಿಳಿಯಬೇಕು. ನನ್ನ ಬಾಯಿ ಸುಮ್ಮನಿರಲಿಲ್ಲ. "ಇದಕ್ಕ ಭಾಳ ಐತ್ರಿ. ಅದಕ್ಕ ಏನಿಲ್ಲ, ನಿದ್ದಿಗಣ್ಣು" ಎಂದು ಹಿಂದಿನಿಂದಲೇ ಹೇಳುತ್ತ ಹೋದೆ. ಹತ್ತಕ್ಕೆ ಹತ್ತೂ ಸರಿ. ಡಾಕ್ಟರು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇವರಿಗೆಲ್ಲ ನೀವ ಕಲಿಸಬೇಕು ನೋಡ್ರಿ" ಎಂದರು. ಚಪ್ಪಾಳೆ ಬಿತ್ತು. ವಿಜಯಕುಮಾರ್ ಸರ್ ಮಾತ್ರ ಚಪ್ಪಾಳೆ ತಟ್ಟದೆ ತಿರುಗಿ ನೋಡಿದರು. ನಾನು ತಕ್ಷಣ ಕೂತುಬಿಟ್ಟೆ.

ಕಳೆದ ಮೇ ತಿಂಗಳ ವಿಚಾರಣೆಯನ್ನು ನೀನು ಮರೆತಿರಲಾರೆ. ಸರ್ ಅವರ ಲ್ಯಾಬಿನಲ್ಲಿ ಆಪರೇಷನ್ ಆದ ಮೊಲಗಳಿಗೆ ನೋವಿನ ಇಂಜೆಕ್ಷನ್ ಕೊಡದೆಯೇ ಕೊಟ್ಟೆವೆಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ ಎಂದು ನೀನು ದೂರು ಕೊಟ್ಟಿದ್ದೆ. ಕಮಿಟಿಯವರು ನನ್ನನ್ನು ಕೇಳಿದಾಗ, ನೀನು ಎದುರಿಗೇ ಕೂತಿರುವಾಗ, "ಮೊಲಕ್ಕ ನೋವಾದ್ರ ನಮಗ ಹ್ಯಾಂಗ ತಿಳೀಬೇಕ್ರಿ, ನಾವು ಓದಿದವರಲ್ಲ" ಎಂದುಬಿಟ್ಟೆ. ನೀನು ಸುಳ್ಳುಬುರುಕಿ ಎನಿಸಿಕೊಂಡೆ, ಪಿಎಚ್.ಡಿ. ಬಿಟ್ಟು ಬಸ್ ಹತ್ತಿದೆ. ಪ್ರತಿ ವರ್ಷ ನನ್ನ ಗುತ್ತಿಗೆ ಮುಂದುವರಿಸುವ ಕಾಗದಕ್ಕೆ ಸಹಿ ಹಾಕುವವರು ವಿಜಯಕುಮಾರ್ ಸರ್ ಅವರೇ. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ. ಅಂದು ನನ್ನ ನಾಲಿಗೆಯನ್ನು ಹಿಡಿದದ್ದು ಅದೇ.

ಶನಿವಾರ ಸರ್ ಕರೆದರು. ಬೈಯಲಿಲ್ಲ. "ಕುಂದ್ರಿ" ಎಂದರು, ಹದಿನೇಳು ವರ್ಷದಲ್ಲಿ ಮೊದಲ ಸಲ. ತರಬೇತಿ ಮುಗಿಸಿದ ಡಾಕ್ಟರು ಹಳೆಯ ರಿಜಿಸ್ಟರ್ ನೋಡಬೇಕೆಂದು ಕೇಳಿದ್ದಾರಂತೆ. ಇಂಜೆಕ್ಷನ್ ಕೊಟ್ಟಾಗ ಎದುರಿಗಿದ್ದವರು ಸಹಿ ಹಾಕುವ ಜಾಗ ಪುಟಪುಟದಲ್ಲೂ ಖಾಲಿ. "ಇಲ್ಲೆಲ್ಲ ಒಂದೊಂದ್ ಸೈನ್ ಹಾಕ್ರಿ ಗಾದಿಲಿಂಗ. ನಿಮ್ಮ ಗುತ್ತಿಗಿ ಕಾಗದನೂ ನನ್ನ ಟೇಬಲ್ ಮ್ಯಾಲ ಐತಿ" ಎಂದರು. ಕನ್ನಡಕ ಮನೆಯಲ್ಲಿದೆ ಎಂದು ಹೇಳಿ ಹೊರಬಂದೆ. ಅದು ಜೇಬಿನಲ್ಲೇ ಇತ್ತು. ನಿನ್ನೆ ಮತ್ತೆ ಕರೆದಾಗ ನಿನ್ನ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದೆ. ನಾಳೆಗೆ ನನ್ನ ಹತ್ತಿರ ಸುಳ್ಳು ಉಳಿದಿಲ್ಲ. ಸಹಿ ಹಾಕಿದರೆ ನೀನು ಹೇಳಿದ್ದು ಕಾಯಂ ಸುಳ್ಳಾಗುತ್ತದೆ. ಹಾಕದಿದ್ದರೆ ಐವತ್ತೇಳರ ವಯಸ್ಸಿನಲ್ಲಿ ಪಾತ್ರೆಪಗಡ ಕಟ್ಟಿಕೊಂಡು, ನಡೆಯಲಾರದವಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ಬೆಳಿಗ್ಗೆ ಮೇವು ಹಾಕುವಾಗ ಮೊಲಗಳು ಎಂದಿನಂತೆ ಕೈ ಮೂಸುತ್ತವೆ. ಅವುಗಳ ಮುಖ ನೋಡಲು ನನ್ನಿಂದ ಆಗುತ್ತಿಲ್ಲ.

ನಿನ್ನ ಕೆಮ್ಮು ಬೇಗ ವಾಸಿಯಾಗಲಿ. ವಿರೂಪಾಕ್ಷ ನಿನ್ನ ಬೆನ್ನಿಗಿರಲಿ, ನಾನಂತೂ ಇರಲಿಲ್ಲ. ಅತ್ತೆಯನ್ನು ಕೇಳಿದೆನೆಂದು ಹೇಳು.

ನಿನ್ನ ಅಪ್ಪ,
ಗಾದಿಲಿಂಗ

ತಾ.ಕ.: ಬುಧವಾರ ಮಧ್ಯಾಹ್ನ, ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಇಷ್ಟು ಸೇರಿಸುತ್ತಿದ್ದೇನೆ. ಸಹಿ ಹಾಕಲಿಲ್ಲ. ಇಂಜೆಕ್ಷನ್ ಕೊಟ್ಟಿರಲಿಲ್ಲ, ಮೊಲಗಳಿಗೆ ನೋವಿತ್ತು, ಅದು ನನಗೆ ಗೊತ್ತಿತ್ತು, ನನ್ನ ಮಗಳು ಹೇಳಿದ್ದೆಲ್ಲ ನಿಜ ಎಂದು ಬರೆದು ಕಮಿಟಿಯ ಆಫೀಸಿನಲ್ಲಿ ಕೊಟ್ಟು ಬಂದೆ. ಸೀಲು ಹಾಕಿಸಿದ ಪ್ರತಿ ಇದರೊಳಗಿದೆ. ಮನೆ ಬಿಡಬೇಕಾಗಬಹುದೆಂದು ನಿನ್ನ ಅವ್ವನಿಗೆ ಇನ್ನೂ ಹೇಳಿಲ್ಲ, ಬಾಯಿ ಬರುತ್ತಿಲ್ಲ. ಅವಳ ಫೋನಿಗೆ ನೀನೇ ಒಂದು ಸಲ ಮಾಡು. ನಾನು ಪಕ್ಕದಲ್ಲೇ ಕೂತಿರುತ್ತೇನೆ.